ಜಿಐ ಗೇಟಿನ ಪೇಂಟ್ ಹಾಳೆ ಹಾಳೆ ಎದ್ದು ಬರ್ತಿದೆ, ಕೋಟಿಂಗ್ ಅಣ್ಣ ಸ್ವಲ್ಪ ನೋಡಿ

ಮಡಿಕೇರಿ ಹೋಮ್‌ಸ್ಟೇ: ಅಣ್ಣಾ, ಜಿಐ ಪೈಪಿನ ಗೇಟು, ಏಪ್ರಿಲಲ್ಲಿ ಎನಾಮಲ್ ಹೊಡೆಸಿದ್ದು. ಈಗ ಉಗುರು ಹಾಕಿದ್ರೆ ಬಾಳೆಪಟ್ಟೆ ಸುಲಿದಂಗೆ ಬರುತ್ತೆ. ಒಳಗೆ ತುಕ್ಕೇ ಇಲ್ಲ. ಪೇಂಟರ್ ಕೇಳಿದ್ರೆ ಮಳೆ ಅಂತಾನೆ.

ಕೋಟಿಂಗ್ ಅಣ್ಣ, ಕುಶಾಲನಗರ: ಮಳೆ ಮೇಲೆ ಹಾಕಿ ಬಚಾವಾಗ್ತಿದ್ದಾನೆ. ತುಕ್ಕಿಲ್ದೆ ಹಾಳೆ ಥರ ಏಳ್ತಿದೆ ಅಂದ್ರೆ ಅದು ಸತುವಿನ ಕೆಲಸ. ಜಿಐ ಅಂದ್ರೆ ಸತು ಲೇಪಿಸಿದ ಕಬ್ಬಿಣ, ಎನಾಮಲ್‌ನ ಎಣ್ಣೆ ಅಂಶ ಅದರ ಜೊತೆ ಸೇರಿ ಸೋಪಾಗುತ್ತೆ, ತೇವ ಇದ್ರೆ ಇನ್ನೂ ಬೇಗ, ಸೋಪಿನ ಮೇಲೆ ಪೇಂಟ್ ಎಲ್ಲಿ ನಿಲ್ಲುತ್ತೆ ಹೇಳಿ. ಪೂರ್ತಿ ಕೆರೆದು ತೆಗೀರಿ. ಡಿಟರ್ಜೆಂಟಲ್ಲಿ ಉಜ್ಜಿ ತೊಳೆದು, ಮೇಲೆ ಒಳ್ಳೆ ನೀರು ಸುರಿದು ನೋಡಿ, ತೆಳ್ಳಗೆ ಹರಡಿ ನಿಂತ್ರೆ ಕ್ಲೀನ್, ಕೆಸುವಿನ ಎಲೆ ಮೇಲಿನ ಥರ ಹನಿ ಕಟ್ಟಿದ್ರೆ ಜಿಡ್ಡು ಇನ್ನೂ ಇದೆ. ಒಣಗಿದ್ಮೇಲೆ ಮೆಲ್ಲಗೆ ಸ್ಯಾಂಡ್‌ಪೇಪರ್, ಜೋರಾಗಿ ಉಜ್ಜಿದ್ರೆ ಸತುವೇ ಹೋಗುತ್ತೆ. ಆಮೇಲೆ ಜಿಐಗೆ ಆಗುತ್ತೆ ಅಂತ ಡಬ್ಬಿ ಮೇಲೆ ಬರೆದಿರೋ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು, ಅಂದ್ರೆ ಪಾಲಿಯುರೆಥೇನ್ ಪೇಂಟ್. ಈಗ ಮಾತ್ರ ಬೇಡ. ಕಬ್ಬಿಣದ ಬಿಸಿ, ಇಬ್ಬನಿ ಕಟ್ಟೋ ಬಿಸಿಗಿಂತ 3 ಡಿಗ್ರಿಯಾದ್ರೂ ಜಾಸ್ತಿ ಇರ್ಬೇಕು, ನಿಮ್ಮ ಮಂಜಲ್ಲಿ ಗೇಟು ಬೆಳಗ್ಗೆಯೆಲ್ಲ ಬೆವರ್ತಾ ಇರುತ್ತೆ. ಡಿಸೆಂಬರ್ ಬಿಸಿಲಿಗೆ ಹನ್ನೊಂದು ಗಂಟೆ ಮೇಲೆ ಮಾಡ್ಸಿ.

ವಿರಾಜಪೇಟೆ: ಸರ್ ನಮ್ದೂ ಜಿಐ ಗೇಟ್, ಪೇಂಟ್ ಏಳ್ತಿದೆ?

ಕೋಟಿಂಗ್ ಅಣ್ಣ: ಮೇಲೆ ಓದಿ.

ಗೋಣಿಕೊಪ್ಪ ತೋಟ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಮೆಷಿನ್ ಇದ್ಯಲ್ಲ, ಅದ್ರಲ್ಲಿ ಹಣ್ಣು ಸುರಿಯೋ ಹಾಪರ್‌ಗೆ ಕೋಟಿಂಗ್ ಮಾಡಿಸ್ಬೋದಾ? ಹಣ್ಣಿನ ಹುಳಿಗೆ ತಡೆಯುತ್ತಾ?

ಸೋಮವಾರಪೇಟೆ: ಫಾರ್ವರ್ಡ್ ಬಂದಿದೆ, ತುಕ್ಕಿಗೆ ಕೋಲಾ ಸುರಿದು ರಾತ್ರಿ ಬಿಟ್ಟು, ಡೀಸೆಲಲ್ಲಿ ಒರೆಸಿ ಪೇಂಟ್ ಹೊಡೆದ್ರೆ 20 ವರ್ಷ ಗ್ಯಾರಂಟಿ 🙏

ಕೋಟಿಂಗ್ ಅಣ್ಣ: ಕೋಲಾದಲ್ಲಿ ಫಾಸ್ಫರಿಕ್ ಆಸಿಡ್ ಇರೋದು ನಿಜ, ಜೊತೆಗೆ ಸಕ್ಕರೆ ಅಂಟೂ ಇದೆ. ಡೀಸೆಲ್ ಒರೆಸಿದ್ರೆ ಎಣ್ಣೆ ಪದರ ಉಳಿಯುತ್ತೆ, ದೋಸೆ ಏಳ್ಲಿ ಅಂತ ಕಾವಲಿಗೆ ಎಣ್ಣೆ ಸವರ್ತೀರಲ್ಲ ಹಾಗೆ. ಮೊನ್ನೆ ಇದೇ ಗ್ರೂಪಲ್ಲಿ ಟಾಯ್ಲೆಟ್ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಸೇರ್ಸಿ ಅಂತ ಬಂತು, ಅದ್ರಲ್ಲಿ ಕ್ಲೋರಿನ್ ಗ್ಯಾಸ್ ಬರುತ್ತೆ ಕಣ್ರೀ, ಶೆಡ್ ಬಾಗಿಲು ಹಾಕ್ಕೊಂಡು ಮಾಡಿದ್ರೆ ಹೆಣ ಬೀಳುತ್ತೆ. ಕಳ್ಸೋ ಮುಂಚೆ ಒಂದ್ಸಲ ಓದಿ.

ಸೋಮವಾರಪೇಟೆ: ಒಳ್ಳೇದಕ್ಕೆ ಹಾಕಿದ್ದು, ಬೈಯೋದ್ಯಾಕೆ? ನಮ್ಮಪ್ಪ ಡೀಸೆಲಲ್ಲೇ ಒರೆಸ್ತಿದ್ರು.

ಸುಂಟಿಕೊಪ್ಪ ವೆಲ್ಡರ್: ನಿಮ್ಮಪ್ಪ ವರ್ಷಾ ವರ್ಷಾ ಪೇಂಟೂ ಹೊಡೀತಿದ್ರು.

ಸೋಮವಾರಪೇಟೆ: ನೀವು ವೆಲ್ಡ್ ಮಾಡಿದ ಜಾಯಿಂಟಲ್ಲೇ ಮೊದ್ಲು ತುಕ್ಕು ಬರೋದು, ಅದನ್ನ ಹೇಳಿ.

ವೆಲ್ಡರ್: ವೆಲ್ಡಿಂಗ್ ಮೇಲೆ ಕಟ್ಟೋ ಕಿಟ್ಟ ಬಿಡಿಸ್ದೆ ಪೇಂಟ್ ಬಳ್ಯೋದು ನಿಮ್ಮ ಪೇಂಟರು, ಬೈಗುಳ ನಮಗೆ!

ಕೋಟಿಂಗ್ ಅಣ್ಣ: ಇಬ್ರೂ ಸರಿ. ಸಾಕು.

ವಿರಾಜಪೇಟೆ: ಸರ್ ಪ್ರೈಮರ್ ಯಾವ್ದು ಅಂದ್ರಿ?

ಕೋಟಿಂಗ್ ಅಣ್ಣ: ಮೇಲೆ. ಓದಿ.

ಗೋಣಿಕೊಪ್ಪ ತೋಟ: ಪಲ್ಪರ್?