ಪಂಜು ಹಿಡಿಯುವವನಿಗೆ ಎಷ್ಟು ಕೊಡ್ತೀರ?

ಜಗಳ ಶುರುವಾಗಿದ್ದು ಎರಡು ಬೆಳ್ಳಿ ನಾಣ್ಯಕ್ಕೆ. ನಿಜವಾದ ಬೆಳ್ಳಿಯಲ್ಲ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬೆಳ್ಳಿ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಸಾಹಸದ ಕಥೆ ಕಟ್ಟುವ ಆಟ ಅದು. ಆದರೆ ರಘು ಕೂಗಾಡಿದ್ದು ಕೇಳಿದ್ದರೆ ಅವನ ಮನೆ ಪತ್ರವೇ ಅಡ ಹೋಗುತ್ತಿದೆ ಅಂದುಕೊಳ್ಳಬೇಕು.

ಭಾನುವಾರ ಸಂಜೆ ಶಶಿಯ ಮನೆಯಲ್ಲಿ ನಾವು ಸೇರುತ್ತೇವೆ. ಶಶಿ ಆಟ ನಡೆಸುವವನು, ಅಂದರೆ ಡಿಎಂ. ಗೀತಾ ಮಂತ್ರವಾದಿ. ರಘು ಕಳ್ಳ. ನಾನು ಕೊಡಲಿ ಹಿಡಿದ ಕುಳ್ಳ, ಅಂದರೆ ಡ್ವಾರ್ಫ್ ಅನ್ನುವ ಜಾತಿಯವನು. ಆವತ್ತು ಪುತ್ತೂರಿನಿಂದ ಶಶಿಯ ಭಾವನೂ ಬಂದಿದ್ದರು. ಆಡುವುದಕ್ಕಲ್ಲ, ಬೋಂಡ ತಿನ್ನುವುದಕ್ಕೆ.

ನಾವು ಗುಹೆಯ ಬಾಯಲ್ಲಿ ನಿಂತಿದ್ದೆವು. ಒಳಗೆ ಕಗ್ಗತ್ತಲು. ಕುಳ್ಳನಿಗೆ ಕತ್ತಲಲ್ಲೂ ಕಣ್ಣು ಕಾಣುತ್ತದೆ, ಮಿಕ್ಕ ಇಬ್ಬರಿಗೆ ಕಾಣುವುದಿಲ್ಲ. ರಘುವಿನ ಎರಡು ಕೈಯಲ್ಲೂ ಚೂರಿ. ಗೀತಾಳ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪುಸ್ತಕ. ಬೆಳಕಿನ ಮಂತ್ರ ಕಲಿಯುವುದು ಬಿಟ್ಟು ಅವಳು ಬೇರೇನೋ ಕಲಿತಿದ್ದಳು. ಆ ವಿಷಯ ಎತ್ತಬಾರದು ಅಂತ ನಮ್ಮಲ್ಲಿ ಒಪ್ಪಂದವಾಗಿದೆ. ಹಾಗಾಗಿ ಪಂಜು ಹಿಡಿಯಲು ಹಳ್ಳಿಯಿಂದ ಒಬ್ಬ ಆಳನ್ನು ಕರೆದುಕೊಂಡು ಹೋಗೋಣ ಅಂತ ತೀರ್ಮಾನವಾಯಿತು.

ಶಶಿ ಪುಸ್ತಕ ತೆಗೆದ. "ಕಸುಬು ಗೊತ್ತಿಲ್ಲದ ಆಳಿಗೆ ದಿನಕ್ಕೆ ಎರಡು ಬೆಳ್ಳಿ. ಕಸುಬು ಗೊತ್ತಿದ್ದರೆ ಎರಡು ಚಿನ್ನ."

"ಪಂಜಿನ ಬೆಲೆ ಎಷ್ಟು?" ರಘು ಕೇಳಿದ. ಅವನು ಐಟಿ ಕಂಪನಿಯಲ್ಲಿ ಮ್ಯಾನೇಜರು. ಬಜೆಟ್ ಕಂಡರೆ ಕೈ ತುರಿಸುತ್ತದೆ.

"ಒಂದು ತಾಮ್ರ. ಒಂದು ಗಂಟೆ ಉರಿಯುತ್ತೆ. ಇಪ್ಪತ್ತು ಅಡಿ ಒಳ್ಳೇ ಬೆಳಕು, ಅದರಾಚೆ ಇಪ್ಪತ್ತು ಅಡಿ ಮಬ್ಬು."

"ಒಂದು ತಾಮ್ರದ ಪಂಜು ಹಿಡಿಯೋಕೆ ಇಪ್ಪತ್ತು ತಾಮ್ರ ಕೂಲಿನಾ? ಒಂದು ಬೆಳ್ಳಿಗೆ ಮುಗಿಸು."

ಭಾವನಿಗೆ ತಡೆಯಲಾಗಲಿಲ್ಲ. "ಭೂತವೋ ಪ್ರೇತವೋ ಇರುವ ಗುಹೆಗೆ ಬೆಳಕು ಹಿಡ್ಕೊಂಡು ಮುಂದೆ ಹೋಗ್ಲಿಕ್ಕೆ ಯಾವ ಮರ್ಲ ಬರ್ತಾನೆ ಮಾರಾಯ ಆ ದುಡ್ಡಿಗೆ? ನಮ್ಮಲ್ಲಿ ಅಡಿಕೆ ಮರ ಹತ್ಲಿಕ್ಕೇ ಜನ ಇಲ್ಲ."

ಈ ಗಲಾಟೆಯ ನಡುವೆ ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ. "ಅವನ ಹೆಸರೇನು?"

ಶಶಿ ಆ ಹಳ್ಳಿಗೆ ಅರಸನ ಹೆಸರು ಬರೆದಿಟ್ಟಿದ್ದ, ಪೂಜಾರಿಯ ಹೆಸರು ಬರೆದಿಟ್ಟಿದ್ದ, ಅರಸನ ಕುದುರೆಯ ಹೆಸರೂ ಇತ್ತು. ಕೂಲಿಯವನದು ಇರಲಿಲ್ಲ. ಗಾಬರಿಯಲ್ಲಿ ಅವನ ಕಣ್ಣು ಮೇಜಿನ ಮೇಲೆಲ್ಲ ಓಡಾಡಿ ತಟ್ಟೆಯ ಮೇಲೆ ನಿಂತಿತು.

"ಬೊಂಡೋ," ಅಂದ.

ಅಲ್ಲಿಗೆ ಕೆಟ್ಟಿತು ನೋಡಿ. ಹೆಸರಿಟ್ಟ ಕೋಳಿಯನ್ನು ಕುಯ್ಯುವುದಕ್ಕೆ ಮನಸ್ಸು ಬರುವುದಿಲ್ಲವಲ್ಲ, ಹಾಗೆ. ಐದು ನಿಮಿಷದಲ್ಲಿ ಬೊಂಡೋಗೆ ಒಬ್ಬಳು ತಾಯಿ ಹುಟ್ಟಿದಳು, ಸಾಲ ಹುಟ್ಟಿತು, ಒಂದು ಕುಂಟು ನಾಯಿ ಹುಟ್ಟಿತು. ನಾಯಿಗೂ ಹೆಸರು ಬೇಕು ಅಂದಳು ಗೀತಾ. ತಟ್ಟೆಯಲ್ಲಿ ಚಟ್ನಿ ಮಾತ್ರ ಉಳಿದಿತ್ತು.

"ಆಳು ಕರೆದುಕೊಂಡು ಹೋಗೋದು ಈ ಆಟದ ಹುಟ್ಟುಗುಣ," ಶಶಿ ಕೊನೆಯ ಬೋಂಡ ಅಗಿಯುತ್ತಾ ಹೇಳಿದ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನು ತಂದಾಗ ಅವರಿಬ್ಬರೂ ಪುಟಾಣಿ ಸೈನಿಕರ ಗೊಂಬೆ ಇಟ್ಟು ಯುದ್ಧದ ಆಟ ಆಡುತ್ತಿದ್ದವರು. ದಂಡು ದಾಳಿ ಅವರಿಗೆ ಅಭ್ಯಾಸ. ಗುಹೆಗೆ ಹೋಗುವಾಗಲೂ ಹಿಂದೆ ನಾಲ್ಕು ಜನ ಬೇಕು. ಪ್ರತಿ ಪಾತ್ರಕ್ಕೂ ಇರುವ ವರ್ಚಸ್ಸು ಅನ್ನುವ ಅಂಕ ಆಗ ಮುಖ್ಯವಾಗಿ ಬೇಕಾಗಿದ್ದೇ ಈ ಲೆಕ್ಕಕ್ಕೆ. 1978ರ ಆಟಗಾರರ ಪುಸ್ತಕದಲ್ಲಿ ವರ್ಚಸ್ಸು 18 ಇದ್ದವನಿಗೆ ಹೆಚ್ಚೆಂದರೆ 15 ಬಂಟರು. 3 ಇದ್ದವನಿಗೆ ಒಬ್ಬನೇ.

"ಆ ಒಬ್ಬ ಯಾಕೆ ಬರ್ತಾನೆ?" ಅಂದೆ. ನನ್ನ ಕುಳ್ಳನ ವರ್ಚಸ್ಸು ಎಂಟು. ನನಗೆ ಇದು ಸ್ವಂತ ಪ್ರಶ್ನೆ.

"ಅವನಿಗೂ ಯಾರೂ ಇರಲ್ಲ ಅನ್ಸುತ್ತೆ."

ಆ ಕಾಲದ ಪುಸ್ತಕಗಳು ಕೂಲಿಯವನಿಗೂ ಬಂಟನಿಗೂ ಸ್ಪಷ್ಟವಾದ ಗೆರೆ ಎಳೆದಿದ್ದವು. ಕೂಲಿಯವನು ಸಂಬಳಕ್ಕೆ ಬರುತ್ತಾನೆ, ಕೆಲಸ ಮುಗಿಸಿ ಹೋಗುತ್ತಾನೆ. ಬಂಟನಿಗೆ ನಿಧಿಯಲ್ಲಿ ಪಾಲು ಬೇಕು, ಅನುಭವದ ಅಂಕದಲ್ಲಿ ಅರ್ಧ ಪಾಲು ಸಿಗುತ್ತದೆ, ನಿಮ್ಮ ಜೊತೆ ಅವನೂ ಬೆಳೆಯುತ್ತಾನೆ.

ಗೀತಾ ಕೋಲು ಕೆಳಗಿಟ್ಟಳು. (ಆಟದ ಕೋಲಲ್ಲ, ನಿಜಕ್ಕೂ ಒಂದು ಪೊರಕೆ ಕಡ್ಡಿ ಹಿಡಿದು ಕೂತಿರುತ್ತಾಳೆ.) "ನಮ್ಮ ಹಳೇ ಶಾಸನಗಳಲ್ಲೂ ಇದೇ ತಾನೇ? ಉಂಡ ಜೋಳದ ಋಣಕ್ಕೆ ಹೋರಾಡಿದರೆ ಜೋಳವಾಳಿ. ಒಡೆಯ ಸತ್ತರೆ ನಾನೂ ಸಾಯ್ತೀನಿ ಅಂತ ಮಾತು ಕೊಟ್ಟರೆ ವೇಳೆವಾಳಿ. ಹಳೇಬೀಡಿನ ಗರುಡಗಂಬ ನೋಡಿದೀರಲ್ಲ? ಎರಡನೇ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ರಾಜ ಹೋದ ಮೇಲೆ ತಾನೂ ಪ್ರಾಣ ಕೊಟ್ಟ."

"ಹಾಗಾದ್ರೆ ಬೊಂಡೋ ವೇಳೆವಾಳಿಗೆ ಬರ್ತಾನಾ?" ರಘುವಿನ ಕಣ್ಣು ಮಿನುಗಿತು.

"ಒಂದು ಬೆಳ್ಳಿಗೆ ಜೋಳವೂ ಬರಲ್ಲ ಕಣೋ," ಅಂದಳು.

ಆಗ ಶಶಿ ಎರಡು ದಾಳ ಹೊರಗೆ ತೆಗೆದ. ಮಾಮೂಲಿ ಆರು ಮುಖದವು. ಇದೇ ಆಟದ 1981ರ ಬೇಸಿಕ್ ಪೆಟ್ಟಿಗೆಯ ನಿಯಮ ಅವನಿಗೆ ಪ್ರಾಣ. ಕರೆದುಕೊಂಡು ಹೋದವನ ವರ್ಚಸ್ಸು ನೋಡಿ ಆಳಿನ ಧೈರ್ಯಕ್ಕೆ ಒಂದು ಅಂಕ ಕೊಡುತ್ತಾರೆ. ಸಾಮಾನ್ಯ ಮನುಷ್ಯ ಕರೆದರೆ 7. ವರ್ಚಸ್ಸು 18 ಇದ್ದವನು ಕರೆದರೆ 10. ವರ್ಚಸ್ಸು 3 ಇದ್ದರೆ ಬರೀ 4. ಕಷ್ಟ ಬಂದಾಗ ಎರಡು ದಾಳ ಹಾಕಬೇಕು. ಮೊತ್ತ ಆ ಅಂಕಕ್ಕಿಂತ ಜಾಸ್ತಿ ಬಂದರೆ ಆಳು ಪರಾರಿ.

ರಘು ಫೋನಲ್ಲಿ ಲೆಕ್ಕ ಹಾಕಿದ. "ಏಳು ಅಂದ್ರೆ ಮೂವತ್ತಾರರಲ್ಲಿ ಹದಿನೈದು ಸಲ ಓಡ್ತಾನೆ! ಹತ್ತು ಇದ್ರೆ ಮೂರೇ ಸಲ. ನಾಲ್ಕಾದ್ರೆ ಮೂವತ್ತು ಸಲ."

"ನಮ್ಮ ಉತ್ತರಕುಮಾರ ಅಲ್ವಾ ಅವ?" ಭಾವ ಎದ್ದು ಕೂತರು. "ಅಂತಃಪುರದಲ್ಲಿ ಎಷ್ಟು ಜಂಬ! ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಟ. ಉತ್ತರನ ಪೌರುಷ ಒಲೆಯ ಮುಂದೆ." ಯಕ್ಷಗಾನದಲ್ಲಿ ಆ ಓಟ ನೋಡುವುದಕ್ಕೇ ಅವರು ರಾತ್ರಿಯಿಡೀ ನಿದ್ದೆಗೆಟ್ಟಿದ್ದಾರಂತೆ. ಮಾಡಿ ತೋರಿಸಲು ಹೊರಟವರನ್ನು ಲುಂಗಿಯ ದೆಸೆಯಿಂದ ನಾವೇ ತಡೆದೆವು.

ರಘುವಿಗೆ ಇನ್ನೂ ಸಮಾಧಾನವಿಲ್ಲ. ನಿಷ್ಠೆಯನ್ನು ದಾಳಕ್ಕೆ ಬಿಡುವುದು ಅವನ ಪ್ರಕಾರ ಕೆಟ್ಟ ಆಡಳಿತ. ಅವನಿಗೆ ಹಿಡಿಸಿದ್ದು 2000ರ ಮೂರನೇ ಆವೃತ್ತಿಯ ನಾಯಕತ್ವದ ನಿಯಮ. ನಿಮ್ಮ ಲೆವೆಲ್ಲಿಗೆ ವರ್ಚಸ್ಸಿನ ಲಾಭ ಕೂಡಿಸಿ. ಧಾರಾಳಿ ಅಂತ ಹೆಸರಿದ್ದರೆ ಒಂದು ಕೂಡಿಸಿ, ಕ್ರೂರಿ ಅಂತಿದ್ದರೆ ಎರಡು ಕಳೆಯಿರಿ. ನಿಮ್ಮಿಂದ ಖಾಸಾ ಬಂಟ ಸತ್ತರೆ ತಲೆಗೆ ಎರಡರಂತೆ ಕಳೆಯುತ್ತಾ ಹೋಗಿ. ಬಂದ ಮೊತ್ತದ ಪ್ರಕಾರ ಬಂಟನೂ ಹಿಂಬಾಲಕರ ಗುಂಪೂ ಸಿಗುತ್ತದೆ.

"ನೋಡಿ, ಜನ ಸತ್ತರೆ ಬರೀ ಮೈನಸ್ ಎರಡು. ನಮ್ಮಲ್ಲಿ ಒಬ್ಬ ರಾಜೀನಾಮೆ ಕೊಟ್ಟರೂ ಇದಕ್ಕಿಂತ ಜಾಸ್ತಿ ಕಳೀತಾರೆ."

ಎಷ್ಟೋ ಡಿಎಂಗಳು ಆ ನಿಯಮವನ್ನು ಮೇಜಿನ ಹತ್ತಿರವೇ ಬಿಟ್ಟುಕೊಳ್ಳುತ್ತಿರಲಿಲ್ಲ. ಕಾರಣ ಸರಳ. ಒಬ್ಬ ಆಟಗಾರನಿಗೆ ಎರಡು ಸರದಿ ಸಿಕ್ಕಿದರೆ ಮಿಕ್ಕವರು ಆಕಳಿಸುತ್ತಾರೆ. ಈ ಸಂಕಟ ನಮಗೆ ಹೊಸದಲ್ಲ. ಹೋದ ತಿಂಗಳು ಗೀತಾ ಪ್ರಾಣಿಗಳನ್ನು ಕರೆಯುವ ಮಂತ್ರದ ಸುರುಳಿ ಎಲ್ಲಿಂದಲೋ ಸಂಪಾದಿಸಿ ಎಂಟು ತೋಳ ಕರೆಸಿದಳು. ಬೇಟೆಯ ಪಕ್ಕದಲ್ಲಿ ತೋಳದ ಜೊತೆಗಾರ ಇದ್ದರೆ ತೋಳ ಎರಡು ದಾಳ ಹಾಕಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ಎಂಟು ತೋಳ, ಹದಿನಾರು ದಾಳ. ಅವಳು ಆರನೇ ತೋಳ ಮುಗಿಸುವಷ್ಟರಲ್ಲಿ ಶಶಿ ಒಳಗೆ ಹೋಗಿ ಟೀ ಇಟ್ಟಿದ್ದ. ಏಳನೆಯದಕ್ಕೆ ಹಾಲು ಉಕ್ಕಿತು.

ನನ್ನದು ಇದರ ತದ್ವಿರುದ್ಧ. 2014ರ ಪುಸ್ತಕ ನಂಬಿ ಒಮ್ಮೆ ತೋಳ ಸಾಕಿದ ಬೇಡನಾಗಿದ್ದೆ. ನಾನು ಹೇಳದೆ ಅದು ಕಚ್ಚುತ್ತಿರಲಿಲ್ಲ. ಕಚ್ಚು ಅಂತ ಹೇಳಿದರೆ ನನ್ನ ಸರದಿ ಮುಗಿದು ಬಾಣ ಬತ್ತಳಿಕೆಯಲ್ಲೇ ಉಳಿಯುತ್ತಿತ್ತು. ಆಳು ಮಾಡಿದ್ದು ಹಾಳು ಅನ್ನುತ್ತಾರಲ್ಲ, ಇಲ್ಲಿ ಆಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ. 2020ರಲ್ಲಿ ಅದನ್ನು ಸರಿಪಡಿಸಿದರು. ಅಷ್ಟರಲ್ಲಿ ನಾನು ಕುಳ್ಳನಾಗಿದ್ದೆ.

ಈಗ ಶಶಿಯ ಹತ್ತಿರ ಮದುವೆ ಕರೆಯೋಲೆಯ ಲಕೋಟೆಗಳ ಒಂದು ಕಟ್ಟು ಇದೆ. ಒಬ್ಬೊಬ್ಬ ಬಂಟನಿಗೆ ಒಂದು ಲಕೋಟೆ, ಅದರ ಹಿಂದೆ ಮೂರು ಸಾಲು: ಹೆಸರು, ಆಸೆ, ಭಯ. ಒಬ್ಬರಿಗೆ ಒಬ್ಬನೇ ಬಂಟ. ಒಡೆಯನ ಸರದಿಯಲ್ಲೇ ಬಂಟನ ಸರದಿಯೂ ಮುಗಿಯಬೇಕು. ಏಟು ಎಷ್ಟು ಬಿತ್ತು ಅಂತ ದಾಳ ಹಾಕುವಂತಿಲ್ಲ, ಪುಸ್ತಕದಲ್ಲಿ ಕೊಟ್ಟಿರುವ ಸರಾಸರಿ ತೆಗೆದುಕೊಳ್ಳಬೇಕು. ಇಷ್ಟರಲ್ಲೇ ನಮ್ಮ ಆಟ ಅರ್ಧ ಗಂಟೆ ಬೇಗ ಮುಗಿಯುತ್ತದೆ.

ಬೊಂಡೋನ ಲಕೋಟೆಯಲ್ಲಿ ಶಶಿ ಬರೆದ. ಆಸೆ: ಸಾಲ ತೀರಿಸುವುದು. ಭಯ: ಸಾಯುವುದು.

"ಮುಂದೆ ಇವನನ್ನ ಸೈಡ್‌ಕಿಕ್, ಅಂದ್ರೆ ಕಾಯಂ ಜೊತೆಗಾರ, ಮಾಡಬಹುದು. 2020ರ ಪುಸ್ತಕದಲ್ಲಿ ಮೂರು ದಾರಿ ಇದೆ. ಕಾದಾಡುವವನು, ಕಸುಬುದಾರ, ಮಂತ್ರ ಹಾಕುವವನು. ನಮ್ಮ ಜೊತೆಗೇ ಲೆವೆಲ್ ಏರ್ತಾನೆ."

"ಅವನನ್ನ ಆಡಿಸೋದು ಯಾರು?" ಗೀತಾ ಕೇಳಿದಳು. "ನೀನೇ ಆಡಿಸಿದರೆ ನೀನೇ ಪ್ರಶ್ನೆ, ನೀನೇ ಉತ್ತರ. ನಾವು ರೇಡಿಯೋ ಕೇಳಿದ ಹಾಗೆ ಕೂರಬೇಕು."

"ಮತ್ತೆ ಡಿಎಂ ಕೈಯಲ್ಲಿರೋ ಬಂಟ ಯಾವಾಗಲೂ ಬೃಹನ್ನಳೆ ಆಗ್ತಾನೆ," ಅಂದೆ. "ಯುದ್ಧ ಎಲ್ಲ ಅವನೇ ಗೆಲ್ತಾನೆ, ನಾವು ಉತ್ತರಕುಮಾರರಾಗ್ತೀವಿ."

ಎಲ್ಲರೂ ಒಟ್ಟಿಗೆ ಭಾವನ ಕಡೆ ತಿರುಗಿದೆವು.

ಭಾವ ಕೈ ಒರೆಸಿಕೊಂಡರು, ಲಕೋಟೆ ತೆಗೆದುಕೊಂಡರು, ಎರಡು ಸಲ ಓದಿದರು. "ನಾಯಿ ಮನೆಯಲ್ಲಿ ಇರ್ಲಿ. ದಿನಕ್ಕೆ ಎರಡು ಬೆಳ್ಳಿ, ಮುಂಗಡ. ಮಧ್ಯಾಹ್ನ ಊಟ, ನಾಲ್ಕು ಗಂಟೆಗೆ ಚಾ. ಪಂಜು ನನ್ನದೇ, ಅದಕ್ಕೆ ಬೇರೆ ದುಡ್ಡು ಬೇಡ. ಮುಂದೆ ನಡೆಯುವುದಿಲ್ಲ, ನಡುವೆ ನಡೆಯುತ್ತೇನೆ."

ರಘು ಒಂದೂವರೆ ಬೆಳ್ಳಿಗೆ ಒಪ್ಪಿಸಿದ. ಚಹಾ ಕತ್ತರಿಸಿದ. ಒಳ್ಳೆ ವ್ಯಾಪಾರ ಕುದುರಿಸಿದೆ ಅಂತ ನಮ್ಮ ಕಡೆ ನೋಡಿ ಹುಬ್ಬು ಹಾರಿಸಿದ.

ಗುಹೆಯೊಳಗೆ ಮೂರನೇ ತಿರುವಿನಲ್ಲಿ ಪುಟ್ಟ ರಕ್ಕಸರಂಥ ಗಾಬ್ಲಿನ್‌ಗಳು ಬಂದವು. ಒಂದಲ್ಲ ಎರಡಲ್ಲ, ಹನ್ನೊಂದು. ಶಶಿ ಧೈರ್ಯದ ದಾಳಕ್ಕೆ ಕೈ ಹಾಕಿದ.

"ದಾಳ ಬೇಡ," ಭಾವ ಹೇಳಿದರು. "ಬೊಂಡೋ ಗಂಟೆ ನೋಡಿದ. ನಾಲ್ಕು ಆಯ್ತು. ಚಾ ಇಲ್ಲ. ಅವ ಮನೆಗೆ ಹೊರಟ."

"ಹೋಗ್ಲಿ ಬಿಡಿ. ಪಂಜು ಇಟ್ಟು ಹೋಗಿ ಭಾವ," ಅಂದ ರಘು.

"ಪಂಜು ಅವನದಲ್ವಾ?"

ಬೆಳಕು ತಿರುವು ದಾಟಿ ಹೋಯಿತು. ನನ್ನ ಕುಳ್ಳನಿಗೆ ಎಲ್ಲ ಕಾಣುತ್ತಿತ್ತು. ಹನ್ನೊಂದು ಗಾಬ್ಲಿನ್‌ಗಳಿಗೂ ಕತ್ತಲಲ್ಲಿ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಗೀತಾ ಗೋಡೆ ತಡವುತ್ತಿದ್ದಳು. ರಘು ಎರಡು ಚೂರಿಯನ್ನೂ ಗಾಳಿಗೆ ಬೀಸಿದ, ಒಂದು ನನಗೆ ತಾಗಿತು.

"ಭಾವಾ! ಮೂರು ಬೆಳ್ಳಿ!" ರಘು ಕೂಗಿದ.

ಉತ್ತರವಿಲ್ಲ. ಭಾವ ಹೊಸದಾಗಿ ಬಂದ ಬೋಂಡಕ್ಕೆ ಚಟ್ನಿ ಹಚ್ಚುತ್ತಿದ್ದರು.

"ನಾಲ್ಕು! ಊಟ, ಚಾ ಎರಡೂ!"

"ನಾಯಿಗೆ?" ಅಂದರು ಭಾವ.