ಮಳೆಗಾಲದಲ್ಲಿ ಥೆರಮಿನ್ ಶ್ರುತಿ ನಿಲ್ಲುತ್ತಿಲ್ಲ, ಏನು ಮಾಡೋದು?

ಷಡ್ಜ ಹುಡುಕುವವ, ಪುತ್ತೂರು

ನಮಸ್ಕಾರ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಅನಲಾಗ್ ಥೆರಮಿನ್ ಒಂದಿದೆ, ಮುಟ್ಟದೆಯೇ ಆಂಟೆನಾ ಹತ್ತಿರ ಗಾಳಿಯಲ್ಲಿ ಕೈ ಆಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಮಳೆ ಹಿಡಿದ ಮೇಲೆ ಹೇಳಿದ ಮಾತು ಕೇಳುತ್ತಿಲ್ಲ.

ಸಂಜೆ ಆನ್ ಮಾಡಿದ ಕೂಡಲೇ ಪಿಚ್ (ಸ್ವರದ ಎತ್ತರ) ಹೊಂದಿಸುವ ನಾಬ್ ತಿರುಗಿಸಿ, ಕೈ ಹೆಗಲ ಹತ್ತಿರ ಬಂದರೆ ಸದ್ದು ನಿಲ್ಲುವ ಹಾಗೆ ಮಾಡಿಕೊಳ್ಳುತ್ತೇನೆ. ಎಲೆಕ್ಟ್ರಾನಿಕ್ ತಂಬೂರಿಯನ್ನು ಜಿ ಶ್ರುತಿಗೆ ಇಟ್ಟು ಸರಳೆ ವರಸೆ ಶುರು. ಮಾಯಾಮಾಳವಗೌಳ ರಾಗದ ಶುದ್ಧ ರಿಷಭ (ರಿ) ಷಡ್ಜಕ್ಕೆ (ಸ) ಎಷ್ಟು ಹತ್ತಿರ ಅಂತ ಗೊತ್ತಲ್ಲ, ಬೆರಳು ಒಂಚೂರು ಬಿಚ್ಚಿದರೆ ಸಾಕು. ಅರ್ಧ ಗಂಟೆ ಕಳೆದರೆ ಅದೇ ಬೆರಳು ಬೇರೆಲ್ಲೋ ಇಳಿಯುತ್ತದೆ. ನೋಡಿದರೆ ಷಡ್ಜವೇ ಜಾರಿರುತ್ತದೆ!

ಹಂಚಿನ ಮನೆ, ಕೆಂಪು ಸಿಮೆಂಟ್ ನೆಲ. ಕೋಣೆಯಲ್ಲಿ ಸ್ಟೀಲ್ ಕಪಾಟು ಇದೆ, ಮೇಲೆ ಫ್ಯಾನ್. ಈಗ ಬಟ್ಟೆ ಒಣಗಿಸುವ ಹಗ್ಗವೂ ಅಲ್ಲೇ. ಅಮ್ಮ ಪಕ್ಕದಲ್ಲಿ ಹಾದು ಹೋದರೆ ಸ್ವರ ಬಾಗುತ್ತದೆ, ಅದು ಇದ್ದದ್ದೇ. ಆದರೆ ಯಾರೂ ಇಲ್ಲದಾಗಲೂ ಜಾರುತ್ತದೆ. ಪರಿಚಯದವರೊಬ್ಬರು "ಗಾಳಿಯ ತೇವ, ಮಳೆ ಮುಗಿಯುವ ತನಕ ಮುಚ್ಚಿಡು" ಅಂದರು. ನಮ್ಮಲ್ಲಿ ಮಳೆ ಮುಗಿಯುವುದು ಯಾವಾಗ ಸ್ವಾಮಿ?

ಸೋಲ್ಡರ್ ಭಟ್ಟ

ಮುಚ್ಚಿಡಬೇಡಿ ಮಾರಾಯ್ರೆ. ಗಾಳಿಯ ತೇವಕ್ಕೆ ಜನ ಸುಮ್ನೆ ಜಾಸ್ತಿ ಬೈಯುತ್ತಾರೆ.

ಒಳಗೆ ಪಿಚ್‌ಗೆ ಅಂತ ಎರಡು ಆಸಿಲೇಟರ್ (ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್) ಇವೆ. ಒಂದು ಒಂದೇ ಲೆಕ್ಕದಲ್ಲಿ ಓಡುತ್ತದೆ. ಇನ್ನೊಂದು ಆಂಟೆನಾಗೆ ಸೇರಿದ್ದು, ನಿಮ್ಮ ಕೈ ಬಂದ ಹಾಗೆ ಬದಲಾಗುತ್ತದೆ. ಎರಡರ ವ್ಯತ್ಯಾಸವೇ ನಿಮಗೆ ಕೇಳುವ ಸ್ವರ. ಎರಡೂ 3 ಲಕ್ಷ ಹರ್ಟ್ಜ್ ಆಸುಪಾಸಿನಲ್ಲಿವೆ ಅಂತಿಟ್ಟುಕೊಳ್ಳಿ. ಅದರಲ್ಲೊಂದು ಹತ್ತು ಸಾವಿರಕ್ಕೆ ಒಂದು ಪಾಲು ಅಲುಗಿದರೆ 30 ಹರ್ಟ್ಜ್ ಹೋಯಿತು. ನಿಮ್ಮ ಷಡ್ಜ 392 ಹರ್ಟ್ಜ್ ಆದರೆ ಅಲ್ಲಿಂದ ಶುದ್ಧ ರಿಷಭಕ್ಕೆ ಇರುವ ದೂರವೇ ಸುಮಾರು 26. ಲೆಕ್ಕ ಸಿಕ್ಕಿತಲ್ವಾ?

ಹಾಗಾಗಿ ಆನ್ ಮಾಡಿದ ಕೂಡಲೇ ನಾಬ್ ಮುಟ್ಟಬೇಡಿ. ಕಾಯಿಲ್, ಕೆಪಾಸಿಟರ್ ಬೆಚ್ಚಗಾಗಿ ಒಂದು ಹದಕ್ಕೆ ಬರಲಿ, 20 ನಿಮಿಷ ಬಿಡಿ.

ನನ್ನ ದೊಡ್ಡ ಅನುಮಾನ ಆ ಹಗ್ಗದ ಮೇಲೆ. ಒದ್ದೆ ಬಟ್ಟೆ ವಿದ್ಯುತ್ ಹರಿಸುತ್ತದೆ, ಒಣಗಿದ್ದು ಹರಿಸುವುದಿಲ್ಲ. ನೀವು ನುಡಿಸುತ್ತಿರುವಾಗಲೇ ಬಟ್ಟೆ ಒಣಗುತ್ತಿರುತ್ತದೆ. ನಿಮ್ಮ ಕೈ ಆಂಟೆನಾದ ಕೆಪಾಸಿಟೆನ್ಸ್‌ನಲ್ಲಿ (ವಿದ್ಯುದಾವೇಶ ಹಿಡಿದಿಡುವ ಶಕ್ತಿಯಲ್ಲಿ) ಮಾಡುವ ವ್ಯತ್ಯಾಸವೇ ಒಂದು ಪಿಕೊಫ್ಯಾರಡ್‌ಗಿಂತ ಕಡಿಮೆ, ಅದರ ತೀರಾ ಸಣ್ಣ ಅಳತೆ ಅದು; ಹಾಗಾಗಿ ಒಣಗುತ್ತಿರುವ ಬಟ್ಟೆಯೂ ಸ್ವರ ಜಾರಿಸಬಲ್ಲದು. ಕಪಾಟು ನಿಂತಲ್ಲೇ ನಿಂತಿರುತ್ತದೆ, ಅದನ್ನು ನಾಬ್ ಸರಿದೂಗಿಸುತ್ತದೆ. ಆದರೂ ಆಂಟೆನಾದಿಂದ ಒಂದು ಮೀಟರಾದರೂ ಆಚೆ ಇರಲಿ.

ಇನ್ನೊಂದು, ಅರ್ಥಿಂಗ್. ಎಷ್ಟೋ ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಒಳಗೆ ಅರ್ಥ್ ವೈರ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ನೋಡಿಸಿ, ನೀವೇ ಬಿಚ್ಚಬೇಡಿ. ಅರ್ಥ್ ಸರಿಯಿಲ್ಲದಿದ್ದರೆ ಕೇಬಲ್ ಮುಟ್ಟಿದರೂ ಸ್ವರ ಅಲ್ಲಾಡುತ್ತದೆ.

ಪಿಟೀಲು ಬಿಟ್ಟವಳು, ಬೆಂಗಳೂರು

ಭಟ್ರು ಹೇಳಿದ್ದಕ್ಕೆ ನುಡಿಸುವವರ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಾಬ್ ತಿರುಗಿಸುತ್ತಾ ಹೋದರೆ ಸ್ವರ ಇಳಿದು, ನಿಂತು, ಆಮೇಲೆ ಮತ್ತೆ ಏರುತ್ತದೆ. ನಿಂತ ಜಾಗದ ಎರಡೂ ಪಕ್ಕ ಸ್ವರ ಇದೆ. ಕೈ ಆಂಟೆನಾ ಹತ್ತಿರ ಹೋದಾಗ ಏರುವ ಪಕ್ಕ ನಿಮ್ಮದು. ಇಳಿಯಿತೋ, ಆಚೆ ಪಕ್ಕಕ್ಕೆ ಹೋಗಿದ್ದೀರಿ ಅಂತ ಅರ್ಥ. ಷಡ್ಜ ಜಾರುತ್ತಾ ಎಷ್ಟೋ ಸಲ ತಾನೇ ಆ ಕಡೆ ದಾಟಿಬಿಡುತ್ತದೆ.

ನಾನು ಅಳತೆಗೆ ಬಳಸುವುದು ಸಪ್ತಕ. ಬೆರಳು ಮಡಚಿದಾಗ ಸ, ಪೂರ್ತಿ ಬಿಚ್ಚಿದಾಗ ಮೇಲಿನ ಸ ಬರುವ ಹಾಗೆ ನಾಬ್ ಇಟ್ಟುಕೊಳ್ಳುತ್ತೇನೆ. ತೋಳು ಅಲ್ಲಾಡಿಸುವುದಿಲ್ಲ. ಹೆಸರಾಂತ ಥೆರಮಿನ್ ವಾದಕಿ ಕ್ಲಾರಾ ರಾಕ್‌ಮೋರ್ ಕೂಡ ಮೊದಲು ಪಿಟೀಲಿನವರೇ. ಗಾಳಿಯಲ್ಲಿ ಬೆರಳಿಡುವ ಕ್ರಮವನ್ನು ರೂಢಿಸಿದ್ದೇ ಅವರು. ಎರಡು ಹಾಡಿನ ನಡುವೆ ಈ ಅಳತೆ ನೋಡಿ. ಕುಗ್ಗಿದ್ದರೆ, ಹಿಗ್ಗಿದ್ದರೆ ನಾಬ್ ಕೂದಲೆಳೆಯಷ್ಟು ತಿರುಗಿಸಿ.

ಮತ್ತೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾದದ ಗುರುತು ಹಾಕಿ. ಒಂದು ದಿನ ಚಪ್ಪಲಿ, ಒಂದು ದಿನ ಬರಿಗಾಲು ಬೇಡ.

ಷಡ್ಜ ಹುಡುಕುವವ

ಹಗ್ಗವನ್ನು ಅಡುಗೆಮನೆಗೆ ಸಾಗಿಸಿದೆ. ಬಟ್ಟೆಗೆಲ್ಲ ಒಗ್ಗರಣೆ ವಾಸನೆ ಅಂತ ಅಮ್ಮನಿಗೆ ಸಿಟ್ಟು. ಷಡ್ಜ ಈಗ ಮುಕ್ಕಾಲು ವಾಸಿ. ಉಳಿದದ್ದು ಮಷಿನ್ನಿನದಾ, ನನ್ನ ಕೈಯದಾ ಅಂತ ತಿಳಿಯುವುದು ಹೇಗೆ?

ಸೋಲ್ಡರ್ ಭಟ್ಟ

ಹತ್ತಿರ ಯಾರೂ ಇಲ್ಲದಾಗಲೂ ಒಂದು ಸ್ವರ ಬರುವ ಹಾಗೆ ನಾಬ್ ತಿರುಗಿಸಿ. ಜಗಲಿಗೆ ಹೋಗಿ ಕೂತು ತಂಬೂರಿ ಜೊತೆ ಕೇಳಿ. ಜಾರಿದರೆ ಮಷಿನ್ ಅಥವಾ ಕೋಣೆ. ಜಾರದಿದ್ದರೆ ನೀವು. ಫ್ಯಾನ್ ಒಮ್ಮೆ ಹಾಕಿ, ಒಮ್ಮೆ ಆರಿಸಿ ಇದನ್ನೇ ಮಾಡಿದರೆ ಅದರದ್ದೂ ಗೊತ್ತಾಗುತ್ತದೆ.