ಪದಚರ್ಚೆ: ‘ಪ್ರಶಸ್ತಿಗೆ ಅರ್ಹವಲ್ಲ’ ಎಂದರೆ ಯೋಗ್ಯತೆ ಇಲ್ಲವೆಂದೇ?

ಬಳಗದ ಎಲ್ಲರಿಗೂ ಮೈಸೂರಿನಿಂದ ನಮಸ್ಕಾರ.

ನಮ್ಮ ಹವ್ಯಾಸಿ ತಂಡ ಹೊರತರುವ ಚಿಕ್ಕ ರಂಗಪತ್ರಿಕೆಯ ಕರಡು ತಿದ್ದುವ ಕೆಲಸ ನನ್ನ ಪಾಲಿಗಿದೆ. ಈ ಸಲದ ಸಂಚಿಕೆಗೆ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯ ಸಂಗೀತ ನಾಟಕ ‘ಹ್ಯಾಮಿಲ್ಟನ್’ ಬಗ್ಗೆ ಒಂದು ಲೇಖನ ಬಂದಿದೆ. ಅದರಲ್ಲಿ ಹೀಗೊಂದು ವಾಕ್ಯ: “2015ರ ಟೋನಿ ಪ್ರಶಸ್ತಿಗೆ ಈ ನಾಟಕ ಅರ್ಹವಾಗಿರಲಿಲ್ಲ; ಚಿತ್ರೀಕರಿಸಿದ ಪ್ರದರ್ಶನ 2020ರಲ್ಲಿ ಬಿಡುಗಡೆಯಾದಾಗ ಆಸ್ಕರ್‌ಗೂ ಅನರ್ಹವಾಯಿತು.” ವ್ಯಾಕರಣ ಸರಿಯಿದೆ, ಸಂಗತಿಯೂ ಸರಿಯಿದೆ. ಕಲಾಮಂದಿರದ ಅಂಗಳದಲ್ಲಿ ಕೂತು ಇದನ್ನು ಗಟ್ಟಿಯಾಗಿ ಓದುತ್ತಿದ್ದಾಗ ತಂಡದ ಹುಡುಗಿಯೊಬ್ಬಳು ತಟ್ಟನೆ ಕೇಳಿದಳು: “ಯಾಕೆ, ಅಷ್ಟು ಸಪ್ಪೆಯಾಗಿತ್ತಾ ನಾಟಕ?”

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಕನ್ನಡದ ಕಿವಿಗೆ ಆ ವಾಕ್ಯ ಹಾಗೇ ಕೇಳಿಸುತ್ತದೆ. ಈ ಪತ್ರ ಅದಕ್ಕಾಗಿಯೇ.

ಮೊದಲು ನಡೆದದ್ದೇನು ಎಂಬುದನ್ನು ಹೇಳಿಬಿಡುತ್ತೇನೆ. ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿ, ಬ್ರಾಡ್‌ವೇ ಎಂದು ಗುರುತಾದ ರಂಗಮಂದಿರಗಳಲ್ಲಿ ತೆರೆಕಂಡ ನಾಟಕಗಳಿಗೆ ಮಾತ್ರ. ಅಂಥ ಮಂದಿರದಲ್ಲಿ ಕನಿಷ್ಠ 500 ಆಸನ ಇರಬೇಕು. ಜೊತೆಗೆ, ಆ ಸಾಲಿಗೆಂದು ಗೊತ್ತುಮಾಡಿದ ಗಡುವಿನೊಳಗೆ ನಾಟಕ ವಿಧ್ಯುಕ್ತವಾಗಿ ಆರಂಭವಾಗಿರಬೇಕು. ‘ಹ್ಯಾಮಿಲ್ಟನ್’ 2015ರ ಫೆಬ್ರವರಿಯಲ್ಲಿ ಶುರುವಾದದ್ದು ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ, 299 ಆಸನಗಳ ಸಭಾಂಗಣದಲ್ಲಿ. ಟಿಕೆಟ್ ಸಿಗದೆ ಜನ ಪರದಾಡುತ್ತಿದ್ದರು, ಓಬಿ, ಡ್ರಾಮಾ ಡೆಸ್ಕ್ ಎಂಬ ನ್ಯೂಯಾರ್ಕಿನ ರಂಗಪ್ರಶಸ್ತಿಗಳು ಆ ವರ್ಷವೇ ಬಂದವು. ಟೋನಿಯ ಲೆಕ್ಕದಲ್ಲಿ ಮಾತ್ರ ಆ ನಾಟಕ ಇನ್ನೂ ಹುಟ್ಟಿಯೇ ಇರಲಿಲ್ಲ. ಆಗಸ್ಟಿನಲ್ಲಿ ಅದು ಬ್ರಾಡ್‌ವೇಯ ರಿಚರ್ಡ್ ರಾಜರ್ಸ್ ಥಿಯೇಟರಿಗೆ ಬಂತು. 2016ರ ಟೋನಿಯಲ್ಲಿ 16 ನಾಮನಿರ್ದೇಶನ ಪಡೆದು ದಾಖಲೆ ಮಾಡಿತು, 11 ಪ್ರಶಸ್ತಿ ಗೆದ್ದಿತು. ಅದೇ ವರ್ಷ ನಾಟಕಸಾಹಿತ್ಯಕ್ಕೆ ಕೊಡುವ ಪುಲಿಟ್ಜರ್ ಕೂಡ ಬಂತು. ಇನ್ನು ಆಸ್ಕರ್ ವಿಷಯ: ರಂಗಪ್ರದರ್ಶನವನ್ನು ಹಾಗೆಹಾಗೇ ಮುದ್ರಿಸಿಕೊಂಡ ಚಿತ್ರವನ್ನು ಅವರ ನಿಯಮ ಪರಿಗಣಿಸುವುದಿಲ್ಲ. ಟಿ.ವಿ. ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಯವರು ಅದನ್ನೇ ಕಿರುತೆರೆಯ ವಿಶೇಷ ಕಾರ್ಯಕ್ರಮವೆಂದು ಪರಿಗಣಿಸಿ 2021ರಲ್ಲಿ ಪ್ರಶಸ್ತಿ ಕೊಟ್ಟರು.

ಎಂದರೆ ಕೃತಿ ಅದೇ, ಹಾಡು ಅದೇ. ಬದಲಾದದ್ದು ಬಾಗಿಲುಗಳು ಮಾತ್ರ. ಇದನ್ನು ಹೇಳುವುದಕ್ಕೆ ‘ಅರ್ಹ’ ಸಾಕಾಗುತ್ತದೆಯೇ?

‘ಅರ್ಹ’ದ ಸಂಸ್ಕೃತ ಧಾತುವಿನಲ್ಲೇ ‘ತಕ್ಕುದಾಗು, ಯೋಗ್ಯವಾಗು’ ಎಂಬ ಅರ್ಥವಿದೆ. ಪೂಜಾರ್ಹ, ಶ್ಲಾಘನಾರ್ಹ, ದಂಡನಾರ್ಹ ಎಲ್ಲದರಲ್ಲೂ ಅದು ಗುಣವನ್ನು ತೂಗಿ ಹೇಳಿದ ಮಾತೇ. ಆಮೇಲೆ ಸರ್ಕಾರಿ ಕನ್ನಡ ಅದನ್ನು ನಿಯಮದ ಕೆಲಸಕ್ಕೆ ಹಚ್ಚಿತು: ಅರ್ಹ ಮತದಾರ, ಅರ್ಹ ಫಲಾನುಭವಿ, ಅರ್ಹತಾ ದಿನಾಂಕ. ಅಲ್ಲಿ ತೊಡಕಿಲ್ಲ, ಏಕೆಂದರೆ ಮತದಾರರ ಪಟ್ಟಿಯಲ್ಲಿ ಗುಣದ ಪ್ರಶ್ನೆಯೇ ಏಳುವುದಿಲ್ಲ. ಪ್ರಶಸ್ತಿಯ ಮಾತು ಬಂದಾಗ ಗುಣ, ನಿಯಮ ಎರಡೂ ಒಂದೇ ವಾಕ್ಯದಲ್ಲಿ ನಿಂತಿರುತ್ತವೆ. ಆಗ ‘ಅರ್ಹ’ ತನ್ನ ಹಳೆಯ ಅರ್ಥದ ಕಡೆಗೇ ವಾಲುತ್ತದೆ. ‘ಅನರ್ಹ’ವಂತೂ ಇನ್ನೂ ಕಟುವಾಗಿದೆ. 2019ರ ಉಪಚುನಾವಣೆಯ ಹೊತ್ತಿಗೆ ಹುಣಸೂರು, ಕೆ.ಆರ್. ಪೇಟೆಯ ಕಡೆ ‘ಅನರ್ಹರು’ ಎಂಬುದು ಪಕ್ಷಾಂತರದ ಕಾರಣಕ್ಕೆ ಶಾಸಕ ಸ್ಥಾನ ಕಳೆದುಕೊಂಡವರ ಗುಂಪಿನ ಹೆಸರೇ ಆಗಿತ್ತು. ಆ ಬಿಸಿ ಇನ್ನೂ ಆರದ ಪದವನ್ನು ತಂದು ಒಂದು ನಾಟಕದ ತಲೆಗೆ ಕಟ್ಟುವುದಕ್ಕೆ ನನಗೆ ಮನಸ್ಸು ಬರುತ್ತಿಲ್ಲ. ‘ಯೋಗ್ಯತೆ’ಯನ್ನು ಮುಟ್ಟುವಂತೆಯೇ ಇಲ್ಲ. ‘ನಿನ್ ಯೋಗ್ಯತೆಗಿಷ್ಟು’ ಎಂದು ಬೈಯುವ ಊರಿನಲ್ಲಿ ಅದು ತಟಸ್ಥ ಪದವಾಗಿ ಉಳಿದಿಲ್ಲ.

‘ಪಾತ್ರ’, ‘ಭಾಜನ’ ಇವೆಯಲ್ಲ ಎನ್ನಬಹುದು. ಎರಡರ ಮೂಲಾರ್ಥವೂ ಪಾತ್ರೆ, ಹಾಕಿದ್ದನ್ನು ಹಿಡಿದಿಡಬಲ್ಲದ್ದು. ಆದರೆ ಪತ್ರಿಕೆಗಳ ಬಳಕೆಯಲ್ಲಿ ‘ಪ್ರಶಸ್ತಿಗೆ ಪಾತ್ರರಾದರು’, ‘ಭಾಜನರಾದರು’ ಎಂದರೆ ಪ್ರಶಸ್ತಿ ಕೈಗೆ ಬಂತು ಎಂದೇ ಅರ್ಥ. ಗೆಲ್ಲುವ ಮೊದಲಿನ ಸ್ಥಿತಿಗೆ ಅವು ಒದಗುವುದಿಲ್ಲ. ಅಲ್ಲದೆ ರಂಗಭೂಮಿಯ ಬರಹದಲ್ಲಿ ‘ಪಾತ್ರ’ಕ್ಕೆ ಬೇರೆಯೇ ಕೆಲಸವಿದೆ.

ಆಡುಮಾತಿನಲ್ಲಿ ಇದಕ್ಕೆ ಬಲು ಹತ್ತಿರದ ಮಾತು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ನಾಟಕಕ್ಕೂ ನಮ್ಮವರು ‘ಆಟ’ ಎಂದೇ ಹೇಳುತ್ತಿದ್ದರಾದ್ದರಿಂದ ಇಲ್ಲಿ ಅದು ಇನ್ನೂ ಚೆನ್ನಾಗಿ ಕೂರುತ್ತದೆ. 2015ರ ಮೊದಲ ಅರ್ಧದಲ್ಲಿ ಆ ನಾಟಕದ ಸ್ಥಿತಿ ಅಕ್ಷರಶಃ ಇದೇ. ಆದರೂ ಈ ನುಡಿಗಟ್ಟಿನಲ್ಲಿ ಒಂದು ಅಸಡ್ಡೆ ಬೆರೆತಿದೆ, ದೊಡ್ಡವರ ನಡುವೆ ಸೇರಿಸಿಕೊಂಡ ಚಿಕ್ಕ ಹುಡುಗನನ್ನು ಕುರಿತು ಹೇಳುವ ಹಾಗೆ. ಲೇಖನದಲ್ಲಿ ಒಮ್ಮೆ ಬಳಸಬಹುದು, ನಿಯಮಾವಳಿಗೆ ಬಾರದು.

ನನ್ನ ಮನಸ್ಸು ನಿಂತಿರುವುದು ‘ಸಲ್ಲು’ ಎಂಬ ಕ್ರಿಯಾಪದದ ಮೇಲೆ. ಶಾಸನಗಳಲ್ಲಿ ‘ಆಚಂದ್ರಾರ್ಕ ಸಲುವಂತಾಗಿ’, ಎಂದರೆ ಸೂರ್ಯಚಂದ್ರರಿರುವವರೆಗೆ ನಡೆಯುವಂತೆ, ಎಂದು ದತ್ತಿ ಬಿಡುತ್ತಿದ್ದರು. ಬಸವಣ್ಣನವರು ಮರ್ತ್ಯಲೋಕವನ್ನು ಕರ್ತಾರನ ಕಮ್ಮಟ ಎಂದು ಕರೆದು ‘ಇಲ್ಲಿ ಸಲ್ಲುವರು ಅಲ್ಲಿಯೂ ಸಲ್ಲುವರಯ್ಯಾ’ ಎಂದಾಗ ಆ ಪದ ಟಂಕಸಾಲೆಯಿಂದ ಬಂದದ್ದು. ನಾಣ್ಯ ಸಲ್ಲುತ್ತದೆ ಎಂದರೆ ಅದು ಆ ಸೀಮೆಯಲ್ಲಿ ನಡೆಯುತ್ತದೆ, ಅಲ್ಲಿ ಅದನ್ನು ಒಪ್ಪಿಕೊಳ್ಳುತ್ತಾರೆ ಎಂದು. ಒಂದು ಸೀಮೆಯಲ್ಲಿ ಸಲ್ಲದ ನಾಣ್ಯದಲ್ಲೂ ಅಪ್ಪಟ ಚಿನ್ನ ಇರಬಹುದು. ನಮಗೆ ಬೇಕಾದ ಅರ್ಥಛಾಯೆ ಇದೇ ಅಲ್ಲವೇ?

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚತುರ್ಥಿ ವಿಭಕ್ತಿ. ಈ ಎರಡು ವಾಕ್ಯಗಳನ್ನು ನೋಡಿ:

‘ಈ ನಾಟಕ ಆ ಪ್ರಶಸ್ತಿಗೆ ಸಲ್ಲುತ್ತದೆ.’
‘ಆ ಪ್ರಶಸ್ತಿ ಈ ನಾಟಕಕ್ಕೆ ಸಲ್ಲುತ್ತದೆ.’

ಮೊದಲನೆಯದು ನಿಯಮದ ಮಾತು: ಸ್ಪರ್ಧೆಗೆ ತೆಗೆದುಕೊಳ್ಳಬಹುದು ಎಂದಷ್ಟೇ. ಎರಡನೆಯದು ನ್ಯಾಯದ ಮಾತು: ‘ಕೀರ್ತಿ ಅವರಿಗೆ ಸಲ್ಲಬೇಕು’ ಎನ್ನುತ್ತೇವಲ್ಲ, ಹಾಗೆ. ‘ಗೆ’, ‘ಕ್ಕೆ’ ಯಾವ ಕಡೆ ಬಂದಿದೆ ಎಂಬುದೊಂದರಿಂದಲೇ ಕನ್ನಡ ಈ ಎರಡು ಅರ್ಥಗಳನ್ನು ಬೇರೆ ಮಾಡಿಕೊಡುತ್ತದೆ. ಹಾಗಾಗಿ ನಮ್ಮ ಲೇಖನದ ವಾಕ್ಯವನ್ನು ಹೀಗೆ ತಿದ್ದಬೇಕೆಂದಿದ್ದೇನೆ: “2015ರಲ್ಲಿ ಈ ನಾಟಕ ಟೋನಿಗೆ ಸಲ್ಲುತ್ತಿರಲಿಲ್ಲ, ಬ್ರಾಡ್‌ವೇಗೆ ಇನ್ನೂ ಬಂದಿರಲಿಲ್ಲ.”

ಒಂದು ಆಕ್ಷೇಪಣೆ ಬರುತ್ತದೆಂದು ಗೊತ್ತು. ‘ಸಲ್ಲದು’ ಎಂಬ ನಿಷೇಧರೂಪ ಇಂದಿನ ಬಳಕೆಯಲ್ಲಿ ‘ಕೂಡದು, ತರವಲ್ಲ’ ಎಂಬ ಅರ್ಥಕ್ಕೆ ಗಟ್ಟಿಯಾಗಿಬಿಟ್ಟಿದೆ. ‘ಇಂಥ ವರ್ತನೆ ಸಲ್ಲದು’ ಎಂಬ ತಲೆಬರಹ ಎಲ್ಲರಿಗೂ ಪರಿಚಿತ. ಆದ್ದರಿಂದ ಆ ರೂಪವನ್ನು ಬಿಟ್ಟು ‘ಸಲ್ಲುವುದಿಲ್ಲ’ ಎಂದೇ ಬರೆಯಬೇಕು ಎಂಬುದು ನನ್ನ ನಿಲುವು. ನನಗೆ ದಾರಿ ಕಾಣದಿರುವುದು ನಾಮಪದದಲ್ಲಿ. ‘ಸಲ್ಲಿಕೆ’ ಅರ್ಜಿಗೆ, ಗೌರವಕ್ಕೆ ಹೋಗಿಬಿಟ್ಟಿದೆ. ‘ಸಲ್ಲುವಿಕೆಯ ನಿಯಮಗಳು’ ಎಂದರೆ ನಾಲಗೆ ತೊಡರುತ್ತದೆ.

ಜೊತೆಗೇ ಬಂದ ಇನ್ನೊಂದು ಪದ, ಹಳೆಯ ನಾಟಕವನ್ನು ಹೊಸದಾಗಿ ಕಟ್ಟುವ ‘ರಿವೈವಲ್’. ಲೇಖಕರು ‘ಮರುಪ್ರದರ್ಶನ’ ಎಂದು ಬರೆದಿದ್ದಾರೆ. ಅದು ಅದೇ ಪ್ರಯೋಗದ ಇನ್ನೊಂದು ಷೋ ಎಂದಾಗುತ್ತದೆ, ‘ಮರುಪ್ರಯೋಗ’ ವಾಸಿ. ಆದರೆ ಟೋನಿಯವರ ವಿಭಾಗ ಇಷ್ಟು ಸರಳವಾಗಿಲ್ಲ. ‘ಹೆಡ್ವಿಗ್ ಅಂಡ್ ದಿ ಆಂಗ್ರಿ ಇಂಚ್’ ಎಂಬ ಸಂಗೀತ ನಾಟಕ ಬ್ರಾಡ್‌ವೇಗೆ ಮೊದಲ ಸಲ ಬಂದದ್ದೇ 2014ರಲ್ಲಿ. ಬ್ರಾಡ್‌ವೇಯ ಹೊರಗೆ 1998ರಲ್ಲೇ ಆಡಿ ಹೆಸರಾಗಿದ್ದರಿಂದ ಅದನ್ನು ‘ರಿವೈವಲ್’ ವಿಭಾಗದಲ್ಲೇ ಇಟ್ಟರು, ಅಲ್ಲೇ ಗೆದ್ದಿತು. ಹೀಗಿರುವಾಗ ‘ಮರು’ ಎಂಬುದು ಯಾವುದರ ಲೆಕ್ಕದಿಂದ?

ಇದೆಲ್ಲ ದೂರದೂರಿನ ತಕರಾರು ಎಂದುಕೊಳ್ಳಬೇಡಿ. ಮೇಲುಕೋಟೆಯ ಪು.ತಿ.ನ. ಅವರನ್ನೇ ತೆಗೆದುಕೊಳ್ಳಿ. ಹಾಡಲೆಂದೇ, ರಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ‘ಹಂಸದಮಯಂತಿ ಮತ್ತು ಇತರ ರೂಪಕಗಳು’ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದು ಪುಸ್ತಕಕ್ಕೆ ಕೊಡುವ ಪ್ರಶಸ್ತಿ. ಹಾಡು ಅಚ್ಚಾದ ಮೇಲೆ ಸಾಹಿತ್ಯವಾಗಿ ಸಂದಿತು. ಅವರ ‘ಗೋಕುಲ ನಿರ್ಗಮನ’ವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದಾಗ ಅದಕ್ಕೆ ಬಂದ ಜೀವವೇ ಬೇರೆ. ಆ ಜೀವವನ್ನು ಗುರುತಿಸಲು ಸಾಹಿತ್ಯದ ಪ್ರಶಸ್ತಿಯಲ್ಲಿ ಜಾಗವಿಲ್ಲ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಕಲಾವಿದರಿಗೆ ಕೊಡುವಂಥದು, ಒಂದು ಪ್ರಯೋಗಕ್ಕಲ್ಲ. ನಮ್ಮಲ್ಲಿ ಬಿರುದುಗಳೂ ವ್ಯಕ್ತಿಗೇ ಬಂದವು, ಮೈಸೂರು ಅರಸರು ಗುಬ್ಬಿ ವೀರಣ್ಣನವರಿಗೆ ಕೊಟ್ಟ ‘ನಾಟಕರತ್ನ’ದ ಹಾಗೆ. ಪ್ರಯೋಗವನ್ನು ಮೆಚ್ಚಿದ್ದು ಪ್ರೇಕ್ಷಕರು, ‘ಒನ್ಸ್ ಮೋರ್’ ಎಂದು ಕೂಗಿ. ಮಂಡ್ಯದ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಇವತ್ತಿಗೂ ಒಳ್ಳೆಯ ಕಂದವೊಂದು ಮುಗಿದ ಕೂಡಲೇ ಯಾರೋ ವೇದಿಕೆ ಹತ್ತಿ ನೋಟಿನ ಹಾರ ಹಾಕುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಅಷ್ಟು ಹೊತ್ತು ಶ್ರುತಿ ಹಿಡಿದುಕೊಂಡೇ ಇರುತ್ತಾರೆ. ಅಲ್ಲಿ ಅರ್ಹತೆಯ ನಿಯಮಾವಳಿ ಬೇಕಾಗಿರಲಿಲ್ಲ, ಪದವೂ ಹುಟ್ಟಲಿಲ್ಲ. ಈಗ ಪ್ರಯೋಗಗಳಿಗೇ ಪ್ರಶಸ್ತಿ ಕೊಡುವ ಸ್ಪರ್ಧೆಗಳು ಬಂದಿವೆ, ಅವುಗಳ ಪ್ರಕಟಣೆಯನ್ನು ಕನ್ನಡದಲ್ಲಿ ಬರೆಯುವವರು ನಾವೇ.

ಬಳಗದವರಲ್ಲಿ ನನ್ನ ಕೇಳಿಕೆ ಇಷ್ಟು. ‘ಸಲ್ಲು’ವನ್ನು ನಿಯಮದ ಅರ್ಥದಲ್ಲಿ, ಎಂದರೆ ಸ್ಪರ್ಧೆಗೋ ಬಹುಮಾನಕ್ಕೋ ಸ್ವೀಕಾರಾರ್ಹ ಎಂಬ ಅರ್ಥದಲ್ಲಿ, ಅಚ್ಚಿನಲ್ಲಿ ಕಂಡವರಿದ್ದರೆ ಆ ವಾಕ್ಯವನ್ನು ಪೂರ್ತಿ ಬರೆದು ಕಳಿಸಿ. ನಾಗಮಂಗಲ, ಮಳವಳ್ಳಿ ಕಡೆಯ ಹಿರಿಯರು ಹರಿದ ನೋಟಿಗೆ ‘ಸಲ್ಲಾಕಿಲ್ಲ’ ಎನ್ನುತ್ತಾರೋ, ‘ನಡೆಯಾಕಿಲ್ಲ’ ಎನ್ನುತ್ತಾರೋ ಕೇಳಿ ತಿಳಿಸಿ. ಮಾತು ಬಾಯಲ್ಲಿ ಇನ್ನೂ ಇದ್ದರೆ ನನ್ನ ವಾದಕ್ಕೆ ಬಲ ಬರುತ್ತದೆ, ಇಲ್ಲದಿದ್ದರೆ ‘ನಡೆಯುತ್ತದೆ’ಯನ್ನೇ ಪರಿಶೀಲಿಸಬೇಕಾಗುತ್ತದೆ. ನಾಮಪದಕ್ಕೆ ಮಾತ್ರ ಎಲ್ಲರೂ ಒಂದೊಂದು ಸಲಹೆ ಕೊಡಿ. ಸಂಚಿಕೆ ಇನ್ನೂ ಅಚ್ಚಿಗೆ ಹೋಗಿಲ್ಲ.